ವಾದಿರಾಜರ ಇದ್ದಿಲು ಮತ್ತು ಶ್ರೀಪತಿರಾಯರ ನಶ್ಯ

ಸುಳ್ಳನ್ನು ಬಾಯಿ ತೆರೆದೇ ಹೇಳಬೇಕೆಂಬ ನಿಯಮವೇನೂ ಇಲ್ಲ. ಬಾಯಿ ಮುಚ್ಚಿಕೊಂಡೂ ಹೇಳಬಹುದು. ಹಾಗೆ ಹೇಳಿದ ಸುಳ್ಳು ಹೆಚ್ಚು ದಿನ ಬಾಳುತ್ತದೆ, ಏಕೆಂದರೆ ‘ನೀನೇ ಅಲ್ಲವೇ ಹೇಳಿದ್ದು’ ಎಂದು ಯಾರೂ ಎದುರು ನಿಂತು ಕೇಳಲಾರರು. ಸತ್ಯವನ್ನೇ ನುಡಿ ಎಂದು ನಮ್ಮ ಶಾಲೆಗಳ ಗೋಡೆಯ ಮೇಲೆ ದೊಡ್ಡ ಅಕ್ಷರಗಳಲ್ಲಿ ಬರೆಸುತ್ತಾರೆ. ನುಡಿಯಬೇಕಾದಾಗ ಸುಮ್ಮನಿರಬೇಡ ಎಂದು ಮಾತ್ರ ಎಲ್ಲಿಯೂ ಬರೆಸುವುದಿಲ್ಲ. ತರಗತಿಯಲ್ಲಿ ಗಲಾಟೆಯಾದೀತೆಂಬ ಭಯವಿರಬೇಕು. ಈ ಲೋಪದ ಫಲವನ್ನು ಚಾಮರಾಜಪೇಟೆಯ ಒಂದು ಅಡ್ಡರಸ್ತೆಯ ಜನ ಹೋದ ಬೇಸಿಗೆಯಲ್ಲಿ ಉಂಡರು.

ಆ ಅಡ್ಡರಸ್ತೆಯಲ್ಲಿ ‘ಸೈಂಟಿಸ್ಟ್ ವಾದಿರಾಜರು’ ಎಂದರೆ ತರಕಾರಿ ಗಾಡಿಯವನಿಗೂ ಗೊತ್ತು. ವಾದಿರಾಜರು ಸೈಂಟಿಸ್ಟ್ ಆಗಿರಲಿಲ್ಲ. ಒಂದು ಕಾಲೇಜಿನ ರಸಾಯನಶಾಸ್ತ್ರ ವಿಭಾಗದಲ್ಲಿ ಮೂವತ್ತೊಂದು ವರ್ಷ ಸ್ಟೋರ್ ಕೀಪರ್ ಆಗಿದ್ದು ನಿವೃತ್ತರಾದವರು. ಬೀರುಗಳಿಗೆ ಬೀಗ ಹಾಕುವುದು, ಸಂಶೋಧನೆ ಮಾಡುವವರು ಕೇಳಿದ ಬಾಟಲಿಯನ್ನು ತೆಗೆದುಕೊಡುವುದು, ಗಾಜಿನ ಸಾಮಾನು ಒಡೆದವರ ಹೆಸರು ಬರೆದುಕೊಳ್ಳುವುದು ಅವರ ಕೆಲಸ. ಇದು ಗೌರವದ ಕೆಲಸವೇ. ಆದರೆ ಯಾವ ಕಾಲದಲ್ಲೋ ಯಾರೋ ‘ಸೈಂಟಿಸ್ಟ್’ ಎಂದು ಕರೆದಾಗ ವಾದಿರಾಜರು ಅಲ್ಲವೆನ್ನಲಿಲ್ಲ. ಅಂದಿನಿಂದ ಬೀದಿಯ ಟ್ರಾನ್ಸ್‌ಫಾರ್ಮರ್ ಸಿಡಿದರೂ, ತುಳಸಿಗಿಡ ಬಾಡಿದರೂ, ಹಾಲು ಒಡೆದರೂ ಜನ ಅವರ ಬಳಿಗೆ ಬರತೊಡಗಿದರು. ಅವರು ಕಣ್ಣು ಮುಚ್ಚಿ, ಒಂದು ಕ್ಷಣ ತಡೆದು, “ಅದೊಂದು ರಿಯಾಕ್ಷನ್” ಎನ್ನುತ್ತಿದ್ದರು. ‘ಗೊತ್ತಿಲ್ಲ’ ಎಂಬ ಮೂರಕ್ಷರದ ಸರಳ ಶುದ್ಧ ಪದ ಅವರ ಬಾಯಿಂದ ಬಂದದ್ದನ್ನು ಕೇಳಿದವರು ಆ ಬೀದಿಯಲ್ಲಿ ಒಬ್ಬರೂ ಇರಲಿಲ್ಲ.

ಮನೆಯಲ್ಲಿ ಅವರು ಮತ್ತು ಅವರ ತಾಯಿ ಭಾಗೀರಥಮ್ಮ, ಇಬ್ಬರೇ. ವಾದಿರಾಜರಿಗೆ ಮದುವೆಯ ಯೋಗ ಕೂಡಿಬರಲಿಲ್ಲ. ತಂದೆ ಶ್ರೀಪತಿರಾಯರು ತೀರಿಕೊಂಡು ಆರು ವರ್ಷವಾಗಿತ್ತು. ರಾಯರಿಗೆ ನಶ್ಯದ ಅಭ್ಯಾಸ. ಪ್ರತಿದಿನ ಮಧ್ಯಾಹ್ನ ಎರಡಕ್ಕೆ ಒಂದು ಚಿಟಿಕೆ ಏರಿಸಿ ಮೂರು ಸಲ ಸೀನುತ್ತಿದ್ದರು: ಎರಡು ಸಣ್ಣದು, ಒಂದು ದೊಡ್ಡದು. ಆ ದೊಡ್ಡ ಸೀನನ್ನು ಕೇಳಿ ಎದುರು ಮನೆಯವರು ಗಡಿಯಾರ ಸರಿಮಾಡಿಕೊಳ್ಳುತ್ತಿದ್ದರು. ಅವರ ನಡುಕೋಣೆ ಹಾಗೆಯೇ ಇತ್ತು. ಮಂಚ, ಬೆತ್ತದ ಕುರ್ಚಿ, ಕಚೇರಿಗೆ ಹಾಕಿಕೊಂಡು ಹೋಗುತ್ತಿದ್ದ ಕರಿ ಟೋಪಿ, ಮರದ ಬೀರು. ಭಾಗೀರಥಮ್ಮ ದಿನವೂ ಎರಡರಿಂದ ನಾಲ್ಕರವರೆಗೆ ಆ ಕೋಣೆಯ ಬಾಗಿಲು ಹಾಕಿಕೊಂಡು ಕುರ್ಚಿಯಲ್ಲಿ ಕುಳಿತಿರುತ್ತಿದ್ದರು. ಜಪ ಮಾಡುತ್ತಾರೆಂದು ಮಗ ತಿಳಿದಿದ್ದ. ಜಪವಲ್ಲ. ಬೀರುವಿನ ಬಾಗಿಲನ್ನು ಒಂದು ಗೇಣು ತೆರೆದು, ನಶ್ಯ, ನೀಲಗಿರಿ ಎಣ್ಣೆ ಮತ್ತು ಹಳೆಯ ಉಣ್ಣೆಯ ಶಾಲು ಕೂಡಿದ ಆ ವಾಸನೆಯನ್ನು ಅವರು ಎರಡು ಗಂಟೆ ಸುಮ್ಮನೆ ಉಸಿರಾಡುತ್ತಿದ್ದರು. ಆರು ವರ್ಷದಲ್ಲಿ ಅವರಿಗೆ ಗಂಡನ ಪೈಕಿ ಉಳಿದಿದ್ದುದು ಅಷ್ಟೇ.

ಅನರ್ಥ ಆರಂಭವಾದದ್ದು ಎದುರು ಮನೆಯ ರಾಮಾನುಜ ಅಯ್ಯಂಗಾರರಿಂದ. ಅವರ ಮನೆಗೆ ಗಾಳಿ ಶುದ್ಧಮಾಡುವ ಬಿಳಿ ಯಂತ್ರವೊಂದು ಬಂತು. ಅದರ ನೆತ್ತಿಯ ಮೇಲೆ ಹಸಿರು ಅಂಕಿ ಹೊಳೆಯುತ್ತಿತ್ತು. ಅಯ್ಯಂಗಾರರು ಮರುದಿನವೇ ಜಗಲಿಯ ಮೇಲೆ ನಿಂತು ಕೂಗಿದರು:

“ವಾದಿರಾಜ್, ನಮ್ಮನೆ ಗಾಳಿ ಇವತ್ತು ಏಳು ಕಣ್ರೀ! ನಿಮ್ಮನೇದು ಎಷ್ಟು?”

“ಅಳೆದಿಲ್ಲ.”

“ಅಳೀದೇ ಹೇಗ್ರೀ ಉಸಿರಾಡ್ತೀರಿ? ನೀವು ಬೇರೆ ಸೈಂಟಿಸ್ಟು!”

ಮನುಷ್ಯನು ತನ್ನ ಮನೆಯ ಗಾಳಿಗೆ ಅಂಕ ಕೊಟ್ಟುಕೊಂಡು ನೆರೆಯವನ ಅಂಕ ಕೇಳುವ ಕಾಲ ಬಂದಿತೇ ಎಂದು ಯಾವ ವಿವೇಕಿಯಾದರೂ ನೊಂದುಕೊಳ್ಳಬೇಕು. ವಾದಿರಾಜರು ನೊಂದುಕೊಂಡದ್ದು ಬೇರೆ ಕಾರಣಕ್ಕೆ. ಅಂದು ಸಂಜೆಯೇ ಅವರು ಬಳೇಪೇಟೆಗೆ ಹೋಗಿ, ಗಾಳಿಯಂತ್ರಕ್ಕೆಂದೇ ಹದಮಾಡಿದ ತೆಂಗಿನ ಚಿಪ್ಪಿನ ಇದ್ದಿಲಿನ ಕಾಳುಗಳನ್ನು ಚೀಲದ ತುಂಬ ತಂದರು.

ಕಾಲೇಜಿನಲ್ಲಿ ಯಾರೋ ವರ್ಷಗಟ್ಟಲೆ ಮಾಡಿದ ಸಂಶೋಧನೆಯನ್ನು ಅವರು ಕಿಟಕಿಯಾಚೆಯಿಂದ ನೋಡಿದ್ದರು. ಆ ಇದ್ದಿಲಿನ ಒಂದೊಂದು ಕಾಳಿನೊಳಗೂ ಕಣ್ಣಿಗೆ ಕಾಣದ ಲಕ್ಷಾಂತರ ರಂಧ್ರಗಳು. ಪೇಂಟು, ಪಾಲಿಶು, ಅಂಟು, ಹೊಗೆ ಇವುಗಳಿಂದ ಗಾಳಿಗೆ ಸೇರಿದ ಮಲಿನ ಆವಿ ಆ ರಂಧ್ರಗಳಲ್ಲಿ ಹೊಕ್ಕು ಸಿಕ್ಕಿಬೀಳುತ್ತದೆ. ಇದ್ದಿಲಿಗೆ ತಾಗಿಕೊಂಡಂತೆ ಒಂದು ಜಾಲರಿ. ಅದಕ್ಕೆ ಟೈಟಾನಿಯಂ ಡೈಆಕ್ಸೈಡ್ ಎಂಬ ಬಿಳಿ ಪುಡಿಯ ಲೇಪ. ನೇರಳೆ ದೀಪದ ಬೆಳಕು ಬಿದ್ದರೆ ಆ ಪುಡಿ ಚುರುಕಾಗಿ, ಸಿಕ್ಕಿಬಿದ್ದದ್ದನ್ನು ಕ್ರಮೇಣ ಒಡೆದು ನೀರಾವಿಯಾಗಿ, ಇಂಗಾಲದ ಡೈಆಕ್ಸೈಡಾಗಿ ಮಾಡಿಬಿಡುತ್ತದೆ. ಬೆಳಕು ಬೀಳದಿದ್ದರೆ ಅದು ಗೋಡೆಗೆ ಬಳಿದ ಸುಣ್ಣಕ್ಕೆ ಸಮ. ಹಿಡಿಯುವುದು ಇದ್ದಿಲು, ಇಲ್ಲವಾಗಿಸುವುದು ಬೆಳಕು. ಇಷ್ಟನ್ನು ವಾದಿರಾಜರು ಸರಿಯಾಗಿಯೇ ತಿಳಿದಿದ್ದರು.

ಹಳೆಯ ರೇಡಿಯೋ ಪೆಟ್ಟಿಗೆಯೊಂದಕ್ಕೆ ಫ್ಯಾನು, ಇದ್ದಿಲಿನ ತಟ್ಟೆ, ಜಾಲರಿ, ಒಳಗೊಂದು ನೇರಳೆ ದೀಪ ಎಲ್ಲವನ್ನೂ ಜೋಡಿಸಿದರು. ಮುಗಿದ ಮೇಲೆ, ಯಾವ ಕೆಲಸಕ್ಕೂ ಬಾರದ ಇನ್ನೊಂದು ಪುಟ್ಟ ನೇರಳೆ ಬಲ್ಬನ್ನು ಪೆಟ್ಟಿಗೆಯ ಮುಂಭಾಗದಲ್ಲಿ, ಬೀದಿಯ ಕಿಟಕಿಗೆ ಎದುರಾಗಿ ಸಿಕ್ಕಿಸಿದರು. ಅದು ಅಯ್ಯಂಗಾರರಿಗೆ ಕಾಣಲೆಂದು. ಈ ಎರಡನೆಯ ಬಲ್ಬನ್ನು ಓದುಗರು ನೆನಪಿನಲ್ಲಿಡಬೇಕು. ಆಡಂಬರದ ದೀಪ ಉರಿಯುತ್ತಿರುವಾಗ ಕೆಲಸದ ದೀಪದ ಗತಿ ಏನಾಯಿತೆಂದು ಯಾರೂ ವಿಚಾರಿಸುವುದಿಲ್ಲ.

“ನಿಮ್ಮಪ್ಪನ ಕೋಣೆಗೆ ಬೇಡ ಕಣೋ ವಾದಿ,” ಎಂದರು ಭಾಗೀರಥಮ್ಮ.

“ಅಲ್ಲೇ ಅಮ್ಮ ಜಾಸ್ತಿ ಇರೋದು. ಆರು ವರ್ಷದ್ದು ಗಟ್ಟಿಯಾಗಿ ಕೂತ್ಬಿಟ್ಟಿದೆ.”

“ಕೂತಿದ್ರೆ ಕೂತಿರ್ಲಿ ಬಿಡು. ನಿಂಗೇನು ಭಾರ?”

ವಾದಿರಾಜರು ನಕ್ಕರು. ಬೀರುವಿನ ಬಾಗಿಲನ್ನು ಪೂರ್ತಿ ತೆರೆದಿಟ್ಟು, ಸ್ವಿಚ್ಚು ಒತ್ತಿ, ಬಾಗಿಲು ಎಳೆದುಕೊಂಡು ಹೊರಬಂದರು. ಬಾಗಿಲಿನ ಸಂದಿಯಲ್ಲಿ ನೇರಳೆ ಬಣ್ಣದ ಗೆರೆಯೊಂದು ನೆಲದ ಮೇಲೆ ಬಿತ್ತು. ಬೆಳಗಿನ ಹತ್ತು ಗಂಟೆಯ ಹೊತ್ತಿನಲ್ಲಿಯೂ ಅದು ಕಂಡಿತು.

ಮೊದಲ ದಿನ ಪಾಲಿಶಿನ ವಾಸನೆ ಹೋಯಿತು. ವಾದಿರಾಜರು ಹಿಗ್ಗಿದರು. ಎರಡನೆಯ ದಿನ ಹಳೆಯ ಪುಸ್ತಕಗಳ ವಾಸನೆ ಹೋಯಿತು. ಮೂರನೆಯ ದಿನ ಬೆಳಿಗ್ಗೆ ಕಾಫಿ ಸೋಸುವಾಗ ಪರಿಮಳ ಬರಲಿಲ್ಲ. ಡಿಕಾಕ್ಷನ್ ಕಪ್ಪಾಗಿಯೇ ಇತ್ತು, ಹಬೆ ಏಳುತ್ತಿತ್ತು, ಮೂಗಿಗೆ ಮಾತ್ರ ಏನೂ ಇಲ್ಲ. ಇಂಗಿನ ಒಗ್ಗರಣೆ ಚಟಪಟ ಎಂದಿತು, ವಾಸನೆಯಿಲ್ಲ. ದೇವರಿಗೆ ಮಲ್ಲಿಗೆ ಏರಿಸಿದರೆ ಕಾಗದದ ಹೂವು. ಊದುಬತ್ತಿಯ ಹೊಗೆ ಸುರುಳಿಸುರುಳಿಯಾಗಿ ನಡುಕೋಣೆಯ ಬಾಗಿಲಿನ ಕಡೆಗೆ ನಡೆದುಹೋಗಿ ಸಂದಿಯಲ್ಲಿ ನುಸುಳಿಕೊಂಡಿತು, ಯಾರೋ ಒಳಗಿನಿಂದ ಕರೆದ ಹಾಗೆ. ಮನೆಕೆಲಸದ ಪಿಳ್ಳಮ್ಮ ಒಲೆಯ ಮೇಲೆ ಹಾಲು ಮರೆತಳು. ಹಾಲು ಸೀದು ಪಾತ್ರೆ ಕರಿಯಾಗಿ ಅದರ ಅಂಟು ಚಿಟಿಚಿಟಿ ಎಂದರೂ ಹಜಾರದಲ್ಲಿ ಕುಳಿತಿದ್ದ ಮೂವರಿಗೆ ಸುಳಿವು ಹತ್ತಲಿಲ್ಲ.

“ಸಾಮಿ,” ಎಂದಳು ಪಿಳ್ಳಮ್ಮ ಪಾತ್ರೆ ಹಿಡಿದು ನಿಂತು, “ಮನೆ ಸತ್ತೋಗದೆ.”

“ಶುದ್ಧವಾಗಿದೆ ಅನ್ನು.”

“ಎರಡೂ ಒಂದೇ ಥರ ಕಾಣ್ತದೆ ಸಾಮಿ.”

ನಾಲ್ಕನೆಯ ದಿನ ಮಧ್ಯಾಹ್ನ ಎರಡಕ್ಕೆ ಭಾಗೀರಥಮ್ಮ ಎಂದಿನಂತೆ ಕೋಣೆಗೆ ಹೋದರು. ಎರಡು ಗಂಟೆ ಐದು ನಿಮಿಷಕ್ಕೆ ಹೊರಬಂದು, ಬಾಗಿಲು ಎಳೆದು, ಚಿಲಕ ಹಾಕಿದರು. ಪಿಳ್ಳಮ್ಮ ಹಜಾರ ಗುಡಿಸುತ್ತಿದ್ದಳು.

“ನಿಮ್ಮಪ್ಪ ಹೊರಟುಹೋದ್ರು ಕಣೋ,” ಎಂದರು ಭಾಗೀರಥಮ್ಮ ಮಗನಿಗೆ. ಮಾತಿನಲ್ಲಿ ಅಳುವಿರಲಿಲ್ಲ. ಬಸ್ಸು ಹೋಯಿತು ಎನ್ನುವ ಧಾಟಿ. “ಆರು ವರ್ಷ ಇದ್ರು. ಈಗ ಇಲ್ಲ.”

ಪಿಳ್ಳಮ್ಮನ ಕೈಯಿಂದ ಪೊರಕೆ ಬಿತ್ತು.

ಆ ದಿನದಿಂದ ಭಾಗೀರಥಮ್ಮನ ಊಟ ನಾಲ್ಕು ತುತ್ತಿಗೆ ಇಳಿಯಿತು. ಎರಡರಿಂದ ನಾಲ್ಕರವರೆಗೆ ಹಜಾರದ ಕಂಬಕ್ಕೆ ಒರಗಿ, ಚಿಲಕ ಹಾಕಿದ ಬಾಗಿಲನ್ನು ನೋಡುತ್ತ ಕುಳಿತುಕೊಳ್ಳತೊಡಗಿದರು. ವಾದಿರಾಜರು ಹೆದರಿ ಯಂತ್ರವನ್ನು ನಿಲ್ಲಿಸಿದರು, ಬೀರು ಮುಚ್ಚಿದರು, ಅಂಗಡಿಯಿಂದ ಹೊಸ ನಶ್ಯದ ಡಬ್ಬಿ ತಂದು ಬೀರುವಿನಲ್ಲಿಟ್ಟರು. ಭಾಗೀರಥಮ್ಮ ಒಮ್ಮೆ ಮೂಸಿ, “ಇದು ಅಂಗಡಿಯವನ ವಾಸನೆ,” ಎಂದು ಹಿಂದಿರುಗಿಸಿದರು. ದಿನಕ್ಕೊಂದಿಷ್ಟು ಕರಗುತ್ತಿದ್ದ ತಾಯಿಯನ್ನು ನೋಡಿ ಮಗನಿಗೆ ಮೊದಲ ಬಾರಿಗೆ ತನ್ನ ಜ್ಞಾನದ ಮೇಲೆ ಭಯ ಹುಟ್ಟಿತು.

ಇತ್ತ ಪಿಳ್ಳಮ್ಮ ಆರು ಮನೆಗಳಲ್ಲಿ ಕೆಲಸ ಮಾಡುವವಳು. ಸಂಜೆಯೊಳಗೆ ಆರೂ ಮನೆಗಳಿಗೆ ಸುದ್ದಿ ಮುಟ್ಟಿತು: ಸೈಂಟಿಸ್ಟ್ ಸಾಮಿ ಒಂದು ಪೆಟ್ಟಿಗೆ ಕಟ್ಟಿದ್ದಾರೆ, ಅದರೊಳಗೆ ನೇರಳೆ ಬೆಂಕಿ ಇದೆ, ಮನೆಯಲ್ಲಿ ಉಳಿದುಕೊಂಡವರನ್ನು ಅದು ಎಳೆದುಕೊಂಡು ಸುಟ್ಟುಹಾಕುತ್ತದೆ, ಹೆತ್ತ ತಂದೆಯನ್ನೂ ಬಿಡಲಿಲ್ಲ.

ಮೊದಲು ಓಡಿಬಂದವರು ಅಯ್ಯಂಗಾರರು.

“ರೀ ವಾದಿರಾಜ್, ನಿಜವೇನ್ರೀ? ಅಷ್ಟು ದುಡ್ಡು ಸುರಿದು ತಂದಿದೀನಿ, ನಮ್ಮನೆ ಮಿಷನ್ನಿಂದ ಒಬ್ಬರೂ ಹೋಗಿಲ್ಲವಲ್ರೀ!”

ಇಲ್ಲಿ ವಾದಿರಾಜರು ‘ಇದೆಂಥ ಮಾತು’ ಎಂದಿದ್ದರೆ ಕಥೆ ಮುಗಿಯುತ್ತಿತ್ತು. ಅವರು ಕಣ್ಣು ಮುಚ್ಚಿ, “ನಿಮ್ಮದು ಬರೀ ಧೂಳಿನ ಮಟ್ಟಕ್ಕೆ ಅಷ್ಟೇ,” ಎಂದರು.

ಎರಡು ದಿನ ಬಿಟ್ಟು ಮುನಿಸ್ವಾಮಿ ಬಂದರು. ಮುನಿಸ್ವಾಮಿಯವರಿಗೆ ಓಕಳಿಪುರಂನಿಂದ ಶ್ರೀರಾಂಪುರದವರೆಗೆ ಅಲ್ಲೊಂದು ಇಲ್ಲೊಂದು ಬಾಡಿಗೆ ಮನೆ. ಬಿಳಿ ಅಂಗಿ, ಬೆರಳಿಗೆ ಮೂರು ಉಂಗುರ, ಧ್ವನಿ ಮಾತ್ರ ಅಂದು ಪಿಸುಮಾತು.

“ಸಾರ್, ಶ್ರೀರಾಂಪುರದಾಗೆ ನಮ್ದೊಂದು ಮನೆ ಐತೆ. ಬಾಡಿಗೆಗೆ ಬಂದೋರು ತಿಂಗಳಿಗಿಂತ ನಿಲ್ಲಾಕಿಲ್ಲ. ಒಳಗೆ ಇದೆ ಸಾರ್.”

“ಇದ್ದೇ ಇರುತ್ತೆ. ಪೇಂಟ್ ಹೊಡೆಸಿದ್ರಾ?”

“ಪ್ರತಿ ಸಲಾನೂ ಹೊಡೆಸ್ತೀನಿ.”

“ಅದಕ್ಕೇ. ಪೇಂಟಿನ ಜೊತೆಗೇ ಒಳಗೆ ಬರ್ತವೆ.”

“ಬರ್ತವಾ? ನಾನು ಒಬ್ರೇ ಅಂದ್ಕೊಂಡಿದ್ದೆ!”

“ಒಬ್ಬರೆಲ್ಲಿ ಬಂತು ಮುನಿಸ್ವಾಮಿ? ಒಂದು ರೂಮಿಗೆ ನೂರಾರು. ಬೆಂಜೀನು, ಟಾಲ್ವೀನು, ಫಾರ್ಮಾಲ್ಡಿಹೈಡು...”

ಮುನಿಸ್ವಾಮಿ ಕೈ ಜೋಡಿಸಿದರು. “ಹೆಸರು ಸಮೇತ ಗೊತ್ತಾ ನಿಮ್ಗೆ?”

“ಮೂವತ್ತೊಂದು ವರ್ಷ ಅವುಗಳ ಜೊತೆನೇ ಬಾಳಿದೋನು ನಾನು. ಎಲ್ಲಾನೂ ಬಾಟಲಿಗೆ ಹಾಕಿ, ಬೀರೂಲಿಟ್ಟು ಬೀಗ ಜಡಿದು, ಬೀಗದ ಕೈ ಸೊಂಟಕ್ಕೆ ಸಿಕ್ಕಿಸ್ಕೊಂಡಿದ್ದೆ. ಮುಚ್ಚಳ ಒಂಚೂರು ಸಡಿಲ ಆದ್ರೆ ಸಾಕು, ಹೊರಗೆ ಬಂದು ಗಂಟಲು ಹಿಡ್ಕೋತವೆ.”

“ಅಯ್ಯೋ ಸಿವ್ನೇ, ಹೋದ ಸಲ ಬಾಡಿಗೆಗಿದ್ದ ಹೆಂಗಸಿಗೂ ಗಂಟಲೇ ಹಿಡ್ಕೊಂಡಿತ್ತು ಸಾರ್! ಇವನ್ನ ಹಿಡಿದು ಏನ್ ಮಾಡ್ತೀರಾ?”

“ಮೊದಲು ಇದ್ದಿಲಿನ ತೂತಲ್ಲಿ ಕೂರಿಸ್ತೀನಿ. ಆಮೇಲೆ ನೇರಳೆ ಬೆಳಕು ಬಿಟ್ಟು ಒಡೀತೀನಿ. ನೀರು, ಗಾಳಿ ಆಗಿ ಹೋಗ್ತವೆ. ಅಸ್ಥಿ ಸಹ ಉಳಿಯಲ್ಲ ಅನ್ಕೊಳ್ಳಿ.”

ವಾದಿರಾಜರು ಅಸ್ಥಿ ಎಂದದ್ದು ಅಲಂಕಾರಕ್ಕಾಗಿ. ಮುನಿಸ್ವಾಮಿ ಯಂತ್ರದಿಂದ ಒಂದಡಿ ಹಿಂದಕ್ಕೆ ಸರಿದರು.

“ನಿಮ್ಮಂಥೋರು ಕೋಟಿಗೊಬ್ರು ಸಾರ್. ಸ್ವಂತ ತಂದೆಯವ್ರನ್ನೇ ಬಿಡಲಿಲ್ಲ ಅಂದ್ರೆ, ನಮ್ಮನೇಲಿರೋದೆಲ್ಲಾ ನಿಮಗೆ ಲೆಕ್ಕಾನಾ!”

ಈಗ ವಾದಿರಾಜರಿಗೆ ಅರ್ಥವಾಯಿತು. ಹೇಳಲು ಬಾಯಿ ತೆರೆದರು. ಎದುರಿಗಿದ್ದ ಮನುಷ್ಯ ವಾದಿರಾಜರ ಪಾದಗಳ ಕಡೆಗೆ ನೋಡುತ್ತಿದ್ದಾನೆ. ಅಷ್ಟು ಭಕ್ತಿಯಿಂದ ಆ ಪಾದಗಳನ್ನು ಈ ಅರವತ್ತೊಂದು ವರ್ಷದಲ್ಲಿ ಯಾರೂ ನೋಡಿರಲಿಲ್ಲ. ತೆರೆದ ಬಾಯನ್ನು ಮುಚ್ಚಿಕೊಂಡರು. ಸೋಮವಾರ ಮಧ್ಯಾಹ್ನ ಯಂತ್ರವನ್ನು ಶ್ರೀರಾಂಪುರಕ್ಕೆ ಒಯ್ಯುವುದೆಂದು ನಿಶ್ಚಯವಾಯಿತು. ಹೇಳಿ, ಇದಕ್ಕಿಂತ ದೊಡ್ಡ ಸುಳ್ಳನ್ನು ನಾಲಿಗೆಯಿಂದ ಆಡುವುದು ಸಾಧ್ಯವೇ?

ಆ ವಾರವೇ ವಾರ್ಡಿನ ಆರೋಗ್ಯ ನಿರೀಕ್ಷಕ ಶಶಿಕುಮಾರ್ ಬಂದರು. ಯಾರೋ ಹೆಸರು ಹಾಕದ ಅರ್ಜಿ ಬರೆದಿದ್ದರು. ಶಶಿಕುಮಾರ್ ತಮ್ಮ ಫಾರಂ ತೆಗೆದು ಯಂತ್ರದ ಮುಂದೆ ಕುಳಿತರು.

“ಹೊಗೆ ಬರುತ್ತಾ ಸಾರ್?”

“ಇಲ್ಲ.”

“ಸೌಂಡು?”

“ಇಲ್ಲ.”

“ವಾಸನೆ?”

“ಅದಂತೂ ಇಲ್ಲವೇ ಇಲ್ಲ.”

“ಹಂಗಾದ್ರೆ ಪಬ್ಲಿಕ್‌ಗೆ ತೊಂದ್ರೆ ಏನು?”

ಬಾಗಿಲ ಬಳಿಯಿಂದ ಪಿಳ್ಳಮ್ಮ ಹೇಳಿದಳು: “ಏನೂ ಇಲ್ದೇ ಇರೋದೇ ತೊಂದ್ರೆ ಸಾರ್. ನೀವೇ ಉಸಿರು ಎಳ್ದು ನೋಡಿ.”

ಶಶಿಕುಮಾರ್ ಉಸಿರೆಳೆದರು. ಮತ್ತೊಮ್ಮೆ ಎಳೆದರು. ಯಂತ್ರ ನಿಂತು ದಿನಗಳಾಗಿದ್ದರೂ ಅಡುಗೆಮನೆ, ದೇವರಮನೆ, ಮನುಷ್ಯರು ಇರುವ ಮನೆಗೆ ಇರಬೇಕಾದ ಗುರುತೊಂದೂ ಮೂಗಿಗೆ ಸಿಗಲಿಲ್ಲ. ಅವರು ನಿಧಾನವಾಗಿ ಪೆನ್ನಿನ ಮುಚ್ಚಳ ಹಾಕಿದರು. ಸುತ್ತ ನೋಡಿ, ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡರು.

“ಸಾರ್, ಒಂದು ಪರ್ಸನಲ್ ವಿಷ್ಯ. ನಮ್ಮಾಫೀಸಲ್ಲಿ ನನಗೆ ಕೊಟ್ಟಿರೋ ಕುರ್ಚಿ ಇದೆಯಲ್ಲ, ನಂಗಿಂತ ಮುಂಚೆ ಇದ್ದೋರು ರಿಟೈರ್ ಆಗೋ ಹಿಂದಿನ ದಿನ ಅದರಲ್ಲೇ ಹೋಗಿದ್ದು. ಮಧ್ಯಾಹ್ನ ಮೂರಕ್ಕೆ ಅದು ತಾನೇ ಕಿರ್ ಅನ್ನುತ್ತೆ. ನಾನು ಸ್ಟೂಲಲ್ಲಿ ಕೂತು ಕೆಲಸ ಮಾಡ್ತಿದೀನಿ. ಸೋಮವಾರ ಶ್ರೀರಾಂಪುರ ಮುಗಿಸ್ಕೊಂಡು ಹಂಗೇ ಒಂದು ಐದು ನಿಮಿಷ...”

ಸಾರ್ವಜನಿಕರ ಆರೋಗ್ಯ ಯಾರ ಕೈಯಲ್ಲಿದೆಯೆಂದು ಯೋಚಿಸಿ ಯಾರಾದರೂ ತಲೆ ಚಚ್ಚಿಕೊಳ್ಳಬಹುದು. ಅದಕ್ಕೆ ಇದು ಸ್ಥಳವಲ್ಲ.

ಸೋಮವಾರ ಬೆಳಿಗ್ಗೆ ವಾದಿರಾಜರು ಪೆಟ್ಟಿಗೆಯ ಮುಂಬದಿ ತೆರೆದು ಇದ್ದಿಲಿನ ತಟ್ಟೆಯನ್ನು ತೂಗಿದರು. ತಂದ ದಿನಕ್ಕಿಂತ ಭಾರವಾಗಿತ್ತು. ರಂಧ್ರಗಳೆಲ್ಲ ತುಂಬಿದ್ದವು. ಹೀಗೇಕಾಯಿತು, ಬೆಳಕು ಎಲ್ಲವನ್ನೂ ಒಡೆದುಹಾಕಬೇಕಿತ್ತಲ್ಲ ಎಂಬ ಸಂಶಯ ಬಂತಾದರೂ, ಸಂಶಯವನ್ನು ಹಿಂಬಾಲಿಸುವುದು ಸೈಂಟಿಸ್ಟುಗಳ ಕೆಲಸ. ಸ್ಟೋರ್ ಕೀಪರ್ ಮಾಲು ಕೆಟ್ಟಿದೆ ಎಂದು ಬರೆದುಕೊಂಡು ಮುಂದೆ ಹೋಗುತ್ತಾನೆ. ಇದ್ದಿಲನ್ನು ಬಿಸಿಗೆ ಒಡ್ಡಿದರೆ ಹಗುರಾಗುತ್ತದೆಂದು ಅವರು ಕೇಳಿದ್ದರು. ಕಾಲೇಜಿನಲ್ಲಿ ಅದಕ್ಕೆ ಒಲೆಯಿತ್ತು. ಚಾಮರಾಜಪೇಟೆಯಲ್ಲಿ ಚೈತ್ರದ ಬಿಸಿಲಿಗೆ ಯಾವ ವಸ್ತುವನ್ನು ಒಡ್ಡುವುದಾದರೂ ಜಾಗ ಒಂದೇ, ತಾರಸಿ. ಅಲ್ಲಿ ಪಿಳ್ಳಮ್ಮ ಮುಂಜಾನೆಯೇ ಅಕ್ಕಿಸಂಡಿಗೆ ಇಟ್ಟು, ಕಾಗೆಗಳನ್ನು ಬೆದರಿಸಲು ಹಳೆಯ ಕೊಡೆಯೊಂದನ್ನು ಬಿಚ್ಚಿ ನಿಲ್ಲಿಸಿದ್ದಳು. ವಾದಿರಾಜರು ಸಂಡಿಗೆಯ ಪಕ್ಕದಲ್ಲಿ ತಂದೆಯ ಹಳೆಯ ಪಂಚೆಯನ್ನು ಹಾಸಿ ಇದ್ದಿಲನ್ನು ತೆಳ್ಳಗೆ ಹರಡಿದರು. ಜಗತ್ತಿನ ಯಾವ ಪ್ರಯೋಗಾಲಯದಲ್ಲಿಯೂ ಇದ್ದಿಲು ಸಂಡಿಗೆಯ ಜೊತೆ ಒಣಗಿರಲಾರದು.

ಮಧ್ಯಾಹ್ನ ಹನ್ನೆರಡೂವರೆಗೆ ಮುನಿಸ್ವಾಮಿ ಆಟೋ ತಂದರು. ಶಶಿಕುಮಾರ್ ಸ್ಕೂಟರಿನಲ್ಲಿ ಬಂದರು. ಅಯ್ಯಂಗಾರರು ಯಾರೂ ಕರೆಯದೆ ಬಂದರು. ಎಲ್ಲರೂ ತಾರಸಿಗೆ ಹತ್ತಿದರು. ಬಿಸಿಲು ಕಣ್ಣು ಕುಕ್ಕುತ್ತಿತ್ತು. ಬೀದಿಯಲ್ಲಿ ಒಂದು ಗಾಡಿಯ ಸದ್ದೂ ಇರಲಿಲ್ಲ. ಕೈಪಿಡಿ ಗೋಡೆಯ ಉದ್ದಕ್ಕೂ ಹನ್ನೊಂದು ಕಾಗೆಗಳು ಸಾಲಾಗಿ ಕುಳಿತಿದ್ದವು. ಸಂಡಿಗೆಗೆ ಕಾಗೆ ಬರುವುದು ಸಹಜ; ಆದರೆ ಬಂದ ಕಾಗೆಗಳು ಕೂಗುವುದೂ ಸಹಜ. ಇವು ಕೂಗುತ್ತಿರಲಿಲ್ಲ. ಸಂಡಿಗೆಯತ್ತ ನೋಡುತ್ತಲೂ ಇರಲಿಲ್ಲ. ಎಲ್ಲದರ ಕೊಕ್ಕೂ ಇದ್ದಿಲಿನ ಕಡೆಗಿತ್ತು.

“ಕಾಗೆ ಯಾಕ್ ಸಾರ್ ಹಿಂಗ್ ಕೂತವೆ?” ಮುನಿಸ್ವಾಮಿ ಅಂದರು.

“ಅದೊಂದು ರಿಯಾಕ್ಷನ್,” ಎಂದರು ವಾದಿರಾಜರು. ಧ್ವನಿ ಮಾತ್ರ ಎಂದಿನಂತಿರಲಿಲ್ಲ.

ಕಾದ ಇದ್ದಿಲು ತಾನು ಹಿಡಿದಿಟ್ಟುಕೊಂಡದ್ದನ್ನು ಆಗಲೇ ಬಿಡತೊಡಗಿತು. ಮೊದಲು ಪಾಲಿಶು ಬಂತು. ಅದರ ಹಿಂದೆ ಕಾಫಿ, ಸೀದ ಹಾಲು, ಇಂಗು, ಮಲ್ಲಿಗೆ. ಮನೆಯೊಂದು ಕಳೆದುಕೊಂಡ ದಿನಗಳು ಒಂದೊಂದಾಗಿ ತಾರಸಿಯ ಮೇಲೆ ನಡೆದುಹೋದವು. ಎಲ್ಲಕ್ಕಿಂತ ಕೊನೆಗೆ, ಮೆಟ್ಟಿಲು ಹತ್ತಿ ದಣಿದವರ ಹಾಗೆ ನಿಧಾನವಾಗಿ, ನಶ್ಯ ಬಂತು. ನೀಲಗಿರಿ ಎಣ್ಣೆ ಬಂತು. ಹಳೆಯ ಶಾಲು ಬಂತು. ಶ್ರೀಪತಿರಾಯರು ಬಂದು ನಿಂತರು ಎಂದು ಬರೆಯಲು ನನ್ನ ಶಿಕ್ಷಣ ಅಡ್ಡಬರುತ್ತದೆ. ಅವರು ಬಾರದೆ ಇದ್ದಿದ್ದರೆ ಅಲ್ಲಿ ಏನು ಕಡಿಮೆಯಾಗುತ್ತಿತ್ತೆಂದು ಮಾತ್ರ ನಾನು ಹೇಳಲಾರೆ.

ಅಯ್ಯಂಗಾರರು ಇಪ್ಪತ್ತು ವರ್ಷ ಆ ಡಬ್ಬಿಯಿಂದಲೇ ಚಿಟಿಕೆ ಹಂಚಿಕೊಂಡವರು. ನೇರವಾಗಿ ಇದ್ದಿಲಿನ ಮುಂದೆ ಮಂಡಿಯೂರಿದರು.

“ರಾಯ್ರೇ! ಆ ಕೊಡೆ ನಾನೇ ತೊಗೊಂಡಿದ್ದು! ಹನ್ನೆರಡು ವರ್ಷದಿಂದ ನಿಮ್ಮ ಕೊಡೆ ನಮ್ಮನೇಲೇ ಇದೆ! ಕಳೆದುಹೋಯ್ತು ಅಂದಿದ್ದು ಸುಳ್ಳು! ಈಗ್ಲೇ ತಂದ್ಕೊಡ್ತೀನಿ, ಬೇಜಾರ್ ಮಾಡ್ಕೋಬೇಡಿ!”

“ಯಾರ ಜೊತೆ ಮಾತಾಡ್ತವ್ರೆ ಇವ್ರು?” ಎಂದ ಮುನಿಸ್ವಾಮಿಗೆ ಪಿಳ್ಳಮ್ಮ ಮೆಲ್ಲಗೆ ಉತ್ತರ ಕೊಟ್ಟಳು: “ದೊಡ್ಡ ಸಾಮಿ ವಾಪಸ್ ಬಂದವ್ರೆ. ನಂಗೂ ವಾಸ್ನೆ ಹತ್ತಿತು.”

“ವಾಪಸ್ಸಾ? ಹೋದೋರು ಬಿಸ್ಲು ಬಿದ್ರೆ ವಾಪಸ್ ಬರ್ತಾರಾ? ಸಾರ್, ನಂಗ್ ಬ್ಯಾಡ ಸಾರ್ ಈ ಮಿಷನ್ನು! ಶ್ರೀರಾಂಪುರದಾಗೆ ಇರೋರು ಅಲ್ಲೇ ಇರ್ಲಿ, ಅವ್ರ ಪಾಡಿಗೆ ಅವ್ರು, ನಮ್ಮ ಪಾಡಿಗೆ ನಾವು!”

ಶಶಿಕುಮಾರ್ ಫಾರಂ ತೆಗೆದು ಬರೆದರು: ‘ಸ್ಥಳ ಪರಿಶೀಲಿಸಲಾಗಿ ಯಾರೂ ಕಂಡುಬಂದಿಲ್ಲ.’ ಒಂದು ಗಳಿಗೆ ಯೋಚಿಸಿ, ಕರ್ತವ್ಯನಿಷ್ಠೆಯಿಂದ ಕೆಳಗೆ ಸೇರಿಸಿದರು: ‘ಆದರೆ ಇದ್ದಾರೆ.’

ಆಗ ಮೆಟ್ಟಿಲಿನ ಮೇಲೆ ಹೆಜ್ಜೆಯ ಸದ್ದು. ಮಂಡಿನೋವಿನಿಂದ ಮೂರು ವರ್ಷ ತಾರಸಿ ಕಾಣದ ಭಾಗೀರಥಮ್ಮ ಗೋಡೆ ಹಿಡಿದು ಒಂದೊಂದೇ ಮೆಟ್ಟಿಲು ಹತ್ತಿ ಬಂದರು. ಯಾರನ್ನೂ ನೋಡಲಿಲ್ಲ. ಕಾಗೆ ಬೆದರಿಸುವ ಕೊಡೆಯನ್ನು ಎತ್ತಿ, ತಮ್ಮ ತಲೆಯ ಮೇಲಲ್ಲ, ಇದ್ದಿಲಿನ ಮೇಲೆ ನೆರಳಾಗುವಂತೆ ಹಿಡಿದು, ಪಂಚೆಯ ಅಂಚಿಗೆ ಕುಳಿತರು.

“ಇಷ್ಟು ಬಿಸಿಲಲ್ಲಿ ಕೂರಿಸಿದೀಯಲ್ಲೋ,” ಎಂದರು ಮಗನಿಗೆ.

ವಾದಿರಾಜರ ಮುಂದೆ ಈಗ ಸುಮ್ಮನಿರುವ ಅತ್ಯಂತ ಸುಲಭವಾದ ಅವಕಾಶವಿತ್ತು. ತಂದೆಯನ್ನು ಹೊರಗೆ ಹಾಕಿದವರೂ ಅವರೇ, ಹಿಂದಕ್ಕೆ ತಂದವರೂ ಅವರೇ ಎಂದು ಬೀದಿ ನಂಬಿತ್ತು. ತಾಯಿಯೂ ನಂಬಿದರೆ ಊಟ ಮಾಡುತ್ತಾರೆ. ಆದರೆ ಎರಡು ತಾಸಿನಲ್ಲಿ ಬಿಸಿಲು ಈ ವಾಸನೆಯನ್ನು ಪೂರ್ತಿ ಹೀರಿಬಿಡುತ್ತದೆ, ಆಗ ತಾಯಿಗೆ ಏನೆಂದು ಹೇಳುವುದು?

“ಅಮ್ಮ,” ಎಂದರು. “ಇದು ಅಪ್ಪ ಅಲ್ಲ. ಇದ್ದಿಲು. ಬೀರೂಲಿದ್ದ ವಾಸನೆ ಇದಕ್ಕೆ ಅಂಟಿಕೊಂಡಿತ್ತು, ಬಿಸಿಯಾಗಿ ಬಿಡ್ತಿದೆ. ಪೂರ್ತಿ ಬಿಟ್ಟುಬಿಟ್ರೆ ಮುಗೀತು, ಮತ್ತೆ ಬರಲ್ಲ. ನಾನು... ನಾನು ಸೈಂಟಿಸ್ಟೂ ಅಲ್ಲ ಕಣ್ರೀ, ಯಾವತ್ತೂ ಆಗಿರಲಿಲ್ಲ. ಸ್ಟೋರ್ ಕೀಪರು. ಬಾಟಲು ತೆಗೆದುಕೊಡ್ತಿದ್ದೆ.”

ಬೀದಿಯ ಪ್ರತಿಕ್ರಿಯೆ ಗಮನಾರ್ಹವಾಗಿತ್ತು. ಯಾರೂ ನಂಬಲಿಲ್ಲ.

“ದೊಡ್ಡೋರು ಹಂಗೇ, ಹೇಳ್ಕೊಳ್ಳಲ್ಲ,” ಎಂದರು ಮುನಿಸ್ವಾಮಿ ಶಶಿಕುಮಾರರಿಗೆ.

ಭಾಗೀರಥಮ್ಮ ಮಾತ್ರ ತಲೆಯಾಡಿಸಿದರು. “ಇದ್ದಿಲು ಅಂತ ನಂಗ್ ಕಾಣಿಸಲ್ವೇನೋ? ಕಣ್ಣಿಗೆ ಪೊರೆ ಬಂದಿದೆ, ಬುದ್ಧಿಗಲ್ಲ. ಕೆಳಗೆ ಉಪ್ಪಿನಕಾಯಿ ಭರಣಿ ಇದೆ, ತೊಳೆದು ಒರೆಸಿ ತೊಗೊಂಬಾ. ಏ ಪಿಳ್ಳಮ್ಮ, ಪಂಚೆ ಆ ಕಡೆ ಹಿಡಿ.”

ಪಂಚೆಯ ನಾಲ್ಕು ಮೂಲೆ ಕೂಡಿಸಿ ಇದ್ದಿಲನ್ನು ಭರಣಿಗೆ ತುಂಬಿ, ಬಾಯಿಗೆ ಬಟ್ಟೆ ಕಟ್ಟಿದರು. ವಾದಿರಾಜರು ಭರಣಿಯನ್ನು ಎತ್ತಿಕೊಂಡು ನಡುಕೋಣೆಗೆ ಬಂದಾಗ ಬೆಳಗಿನ ಸಂಶಯ ಹಿಂದಿರುಗಿತು. ನಾಲ್ಕು ದಿನ ಬೆಳಕು ಬಿದ್ದಿದ್ದರೆ ಇದರಲ್ಲಿ ನಶ್ಯದ ಒಂದು ಕಣವೂ ಉಳಿಯಬಾರದು. ಪೆಟ್ಟಿಗೆಯ ಹಿಂಬದಿಯ ಹಲಗೆಯನ್ನು, ಜೋಡಿಸಿದ ಮೇಲೆ ಮೊದಲ ಸಲ, ಬಿಚ್ಚಿದರು. ಕೆಲಸದ ದೀಪ ಕಾಣಲಿಲ್ಲ. ಅದರ ಮೇಲೆ, ನೆತ್ತಿಗೆ ಇಟ್ಟಷ್ಟು ನೀಟಾಗಿ, ಶ್ರೀಪತಿರಾಯರ ಕರಿ ಟೋಪಿ ಕುಳಿತಿತ್ತು.

“ನಾನೇ ಹಲಗೆ ಸರಿಸಿ ಇಟ್ಟಿದ್ದು,” ಎಂದರು ಹಿಂದೆ ಬಂದು ನಿಂತ ಭಾಗೀರಥಮ್ಮ. “ನೀನು ಹಚ್ಚಿದ ದಿನಾನೇ. ಹಲಗೆ ಸಂದಿಯಿಂದ ಬೆಳಕು ನೇರ ಮಂಚಕ್ಕೆ ಬೀಳ್ತಿತ್ತು. ನಿಮ್ಮಪ್ಪಂಗೆ ಕಣ್ಣಿಗೆ ದೀಪ ಹೊಡೆದ್ರೆ ನಿದ್ದೆ ಬರ್ತಿರಲಿಲ್ಲ, ನಿಂಗೆ ಗೊತ್ತಿಲ್ವಾ?”

ಮುನಿಸ್ವಾಮಿಯೂ ಶಶಿಕುಮಾರರೂ ತಮ್ಮ ತಮ್ಮ ದಾರಿ ಹಿಡಿದ ಮೇಲೆ, ಆ ಮಧ್ಯಾಹ್ನ ಭಾಗೀರಥಮ್ಮ ಎರಡು ಸಲ ಅನ್ನ ಹಾಕಿಸಿಕೊಂಡು ಉಂಡರು. ಅಯ್ಯಂಗಾರರು ಓಡಿಹೋಗಿ ತಂದ ಕೊಡೆಯನ್ನು ಎರಡೂ ಕೈಯಲ್ಲಿ ಹಿಡಿದು ಹಜಾರದಲ್ಲಿ ನಿಂತಿದ್ದರು. ವಾದಿರಾಜರು ಅಡುಗೆಮನೆಯ ಹೊಸ್ತಿಲಲ್ಲಿ ಕುಳಿತು ತಾಯಿಯ ಎಲೆ ನೋಡುತ್ತಿದ್ದರು. ಪಿಳ್ಳಮ್ಮ ಸಾರು ಬಡಿಸುತ್ತಿದ್ದಳು. ಹೀಗೆ ಮನೆಯಲ್ಲಿದ್ದ ನಾಲ್ವರೂ ಪರಸ್ಪರ ಕಣ್ಣಿಗೆ ಕಾಣುವಲ್ಲಿ ಇದ್ದರೆಂಬುದನ್ನು ನಾನು ಒತ್ತಿ ಹೇಳಬೇಕಾಗಿದೆ.

ಗಡಿಯಾರ ಎರಡು ಹೊಡೆಯಿತು. ಬಾಗಿಲು ಮುಚ್ಚಿದ ನಡುಕೋಣೆಯೊಳಗಿಂದ ಸೀನಿನ ಸದ್ದು ಬಂತು. ಎರಡು ಸಣ್ಣದು. ಸ್ವಲ್ಪ ತಡೆದು, ಒಂದು ದೊಡ್ಡದು.

ಅಯ್ಯಂಗಾರರ ಕೈಯಿಂದ ಕೊಡೆ ಜಾರಿತು. “ವಾದಿರಾಜ್,” ಎಂದರು, “ಅದು... ಅದೇನ್ರೀ?”

ಅಭ್ಯಾಸಬಲದಿಂದ ವಾದಿರಾಜರ ಕಣ್ಣುಗಳು ಮುಚ್ಚಿಕೊಂಡವು. ಆಮೇಲೆ ಅವರು ಅವನ್ನು ತೆರೆದು, ಮುಚ್ಚಿದ ಬಾಗಿಲನ್ನು ನೋಡಿ, ತಮ್ಮ ಜೀವಮಾನದಲ್ಲಿ ಮೊದಲ ಬಾರಿಗೆ ಹೇಳಿದರು:

“ಗೊತ್ತಿಲ್ಲ.”

ಭಾಗೀರಥಮ್ಮ ತಲೆ ಎತ್ತಲಿಲ್ಲ. “ಪಿಳ್ಳಮ್ಮ,” ಎಂದರು, “ಮಜ್ಜಿಗೆ ಹಾಕು.”